ಊರ ಮುಂದಿನ ವೀರಗಲ್ಲನ್ನು ಓದುವುದು ಹೇಗೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪುಸ್ತಕ ಓದಿದ ಅಭ್ಯಾಸದಲ್ಲಿ ನಾವೆಲ್ಲ ಮೇಲಿನಿಂದ ಶುರು ಮಾಡುತ್ತೇವೆ, ಮೇಲೆ ಒಂದು ಲಿಂಗ, ಪಕ್ಕದಲ್ಲಿ ಕೈಮುಗಿದು ಕೂತ ಒಬ್ಬ ಮನುಷ್ಯ ಕಾಣುತ್ತಾನೆ, ಓ ಇದು ಯಾವುದೋ ದೇವರ ಕಲ್ಲು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಹೋಗಿದ್ದೇನೆ.

ನಮ್ಮೂರು ಅರಸೀಕೆರೆ ಕಡೆ. ಕೆರೆ ಏರಿ ಇಳಿಯುವ ಜಾಗದಲ್ಲಿ ಮೂರು ಕಲ್ಲುಗಳಿವೆ. ಚಿಕ್ಕವರಿದ್ದಾಗ ದನಗಳನ್ನು ನೀರಿಗೆ ಬಿಟ್ಟು ಅವಕ್ಕೆ ಒರಗಿ ಕೂರುತ್ತಿದ್ದೆವು. ಅದರಲ್ಲೊಂದು ಕಲ್ಲಿನ ಬುಡದಲ್ಲಿ ಹಸುಗಳ ಸಾಲಿದೆ ಅಂತ ನನಗೆ ಗೊತ್ತಾಗಿದ್ದು ವಯಸ್ಸು ಮೂವತ್ತು ದಾಟಿದ ಮೇಲೆ. ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲದು. ಅವತ್ತಿನಿಂದ ಹಾಸನ, ಚಿಕ್ಕಮಗಳೂರು ಕಡೆ ಎಲ್ಲಿ ಹೋದರೂ ಮೊದಲು ಕಲ್ಲು ಹುಡುಕುತ್ತೇನೆ. ನೀವೂ ಹುಡುಕಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಎಲ್ಲಿ ಸಿಗುತ್ತವೆ? ಕೆರೆ ಏರಿ, ಊರಬಾಗಿಲು, ಅರಳಿಕಟ್ಟೆ, ಹಳೇ ಈಶ್ವರನ ಗುಡಿಯ ಹಿಂಭಾಗ. ಮಲೆನಾಡಿನ ಕಡೆ ಲಂಟಾನ ಪೊದೆಯ ಒಳಗೆ, ಕಾಫಿ ತೋಟದ ಅಂಚಿನಲ್ಲಿ. ಊರಿನವರನ್ನು ಕೇಳುವಾಗ "ವೀರಗಲ್ಲು ಎಲ್ಲಿದೆ" ಅಂದರೆ ಎಷ್ಟೋ ಸಲ ಗೊತ್ತಿಲ್ಲ ಅನ್ನುತ್ತಾರೆ. "ಕತ್ತಿ ಹಿಡಿದ ಬೊಂಬೆ ಇರೋ ಕಲ್ಲು ಇದೆಯಾ ಅಜ್ಜಿ, ಈರಗಾರ ಅಂತಲೋ ಮಾಸ್ತಮ್ಮ ಅಂತಲೋ ಪೂಜೆ ಮಾಡ್ತೀರಾ" ಅಂತ ಕೇಳಿ ನೋಡಿ. ತಕ್ಷಣ ಕೈ ತೋರಿಸುತ್ತಾರೆ. ಪೂಜೆ ಆಗುವ ಕಲ್ಲಾದರೆ ಚಪ್ಪಲಿ ಬಿಟ್ಟು, ಅವರ ಒಪ್ಪಿಗೆ ಕೇಳಿಯೇ ಹತ್ತಿರ ಹೋಗಿ.

ಹೊತ್ತು ಬಹಳ ಮುಖ್ಯ. ನಡು ಮಧ್ಯಾಹ್ನ ಹೋದರೆ ಕಲ್ಲು ಸಪಾಟಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ, ಇಲ್ಲದಿದ್ದರೆ ಸಂಜೆ ನಾಲ್ಕರ ಮೇಲೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಗೆರೆಗೂ ನೆರಳು ಬರುತ್ತದೆ. ಮೋಡ ಇದ್ದರೆ ಟಾರ್ಚ್ ಸಾಕು. ಅದನ್ನು ಎದುರಿಗೆ ಹಿಡಿಯಬೇಡಿ, ಕಲ್ಲಿನ ಪಕ್ಕಕ್ಕೆ ಒತ್ತಿಕೊಂಡ ಹಾಗೆ ಹಿಡಿದು ಬೆಳಕನ್ನು ಮೈಮೇಲೆ ಹಾಯಿಸಿ. ಇಲ್ಲವೇ ಇಲ್ಲ ಅಂದುಕೊಂಡಿದ್ದ ಅಕ್ಷರಗಳು ಒಂದೊಂದಾಗಿ ಏಳುವುದನ್ನು ನೋಡಬೇಕು, ಮೈ ಜುಮ್ಮೆನ್ನುತ್ತದೆ.

ಈಗ ಓದೋಣ. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ, ಒಂದೇ ಇರುವುದೂ ಉಂಟು, ನಾಲ್ಕೈದು ಇರುವುದೂ ಉಂಟು. ಕೆಳಗಿನದು ಕಾಳಗ. ಅಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಕಡೆದಿರುವವನೇ ವೀರ. ಅವನ ಕೈಯಲ್ಲಿ ಏನಿದೆ ನೋಡಿ. ಬಿಲ್ಲೋ, ಕತ್ತಿ ಗುರಾಣಿಯೋ, ಬರೀ ಕಠಾರಿಯೋ. ಕುದುರೆ ಮೇಲಿದ್ದರೆ, ತಲೆ ಮೇಲೆ ಕೊಡೆ ಹಿಡಿದಿದ್ದರೆ ಸ್ವಲ್ಪ ದೊಡ್ಡ ಮನುಷ್ಯ ಅಂತ ಅರ್ಥ. ಬರಿಗಾಲಲ್ಲಿ ನಿಂತು ಬಿಲ್ಲು ಎಳೆಯುತ್ತಿದ್ದರೆ ಊರಿನವನೇ ಇರಬಹುದು. ಮಧ್ಯದ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದುಕೊಂಡು, ಕೆಲವೊಮ್ಮೆ ವಿಮಾನದಲ್ಲಿ ಕೂರಿಸಿಕೊಂಡು, ಚಾಮರ ಬೀಸುತ್ತಾ ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದು ಸ್ವರ್ಗ. ಲಿಂಗ, ನಂದಿ, ಪೂಜಾರಿ, ಮುಂದೆ ಕೂತ ವೀರ. ಲಿಂಗದ ಜಾಗದಲ್ಲಿ ಜಿನಬಿಂಬ ಇದ್ದರೆ ಅದು ಜೈನ ವೀರನ ಕಲ್ಲು. ತುದಿಯಲ್ಲಿ ಸೂರ್ಯ ಚಂದ್ರ ಇರುತ್ತಾರೆ, ಅವರಿಬ್ಬರೂ ಇರುವ ತನಕ ಇವನ ಹೆಸರು ಇರಲಿ ಅಂತ.

ಯಾಕೆ ಸತ್ತ ಅನ್ನುವುದು ಕೆಳಗಿನ ಅಂಕಣದಲ್ಲೇ ಸಿಗುತ್ತದೆ. ಹಸುಗಳಿದ್ದರೆ ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಜಗಳ. ಆ ಕಾಲದಲ್ಲಿ ದನವೇ ಆಸ್ತಿ, ದನ ಹೋದರೆ ಊರೇ ಹೋದ ಹಾಗೆ. ಊರಿಗೇ ನುಗ್ಗಿ ಹಾಳು ಮಾಡಿದ್ದಾದರೆ ಊರಳಿವು. ಹೆಂಗಸರ ಮಾನ ಕಾಯಲು ಹೋರಾಡಿ ಸತ್ತಿದ್ದಕ್ಕೆ ಪೆಣ್ಬುಯ್ಯಲು ಅಂತ ಶಾಸನಗಳಲ್ಲಿ ಬರುತ್ತದೆ. ಹುಲಿಯನ್ನೋ ಹಂದಿಯನ್ನೋ ಎದುರಿಸಿ ಸತ್ತವರಿಗೂ ಕಲ್ಲು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಒಂದು ಕಂಬ, ಅದರಿಂದ ಹೊರಗೆ ಚಾಚಿದ ಕೈ, ಮೊಣಕೈ ಮಡಿಸಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ ಕಂಡರೆ ಅದು ಮಾಸ್ತಿಕಲ್ಲು. ಗಂಡನ ಹಿಂದೆ ಬೆಂಕಿಗೆ ಬಿದ್ದವಳ ಗುರುತು. ಅದರ ಮುಂದೆ ನನಗೆ ಯಾವತ್ತೂ ಹೆಚ್ಚು ಹೊತ್ತು ನಿಲ್ಲಲು ಆಗಿಲ್ಲ.

ಅಕ್ಷರದ ವಿಷಯಕ್ಕೆ ಬರೋಣ, ಎಲ್ಲರೂ ಹೆದರುವುದು ಇಲ್ಲೇ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ ಇರುತ್ತದೆ. ಹೊಯ್ಸಳರ ಕಾಲದ ಅಕ್ಷರ ದುಂಡಗೆ, ಈಗಿನ ಕನ್ನಡಕ್ಕೆ ತೀರಾ ದೂರ ಏನಲ್ಲ. ಎಲ್ಲವನ್ನೂ ಒಂದೇ ಸಲ ಓದಲು ಹೋಗಬೇಡಿ. ಮತ್ತೆ ಮತ್ತೆ ಬರುವ ನಾಲ್ಕೈದು ಮಾತು ಕಲಿಯಿರಿ. ಶುರುವಿಗೆ "ಸ್ವಸ್ತಿ ಶ್ರೀ". ಆಮೇಲೆ "ಶಕವರ್ಷ". ಕೊನೆಯ ಕಡೆ "ತುರುವಂ ಮಗುೞ್ಚಿ", ಅಂದರೆ ದನ ಹಿಂದಕ್ಕೆ ತಿರುಗಿಸಿ, "ಕಾದಿ ಸತ್ತ", "ಸುರಲೋಕಪ್ರಾಪ್ತನಾದ", ಮತ್ತೆ "ಕಲ್ಲ ನಿಲಿಸಿದ". ಈ ಮಾತುಗಳು ಹಿಡಿತಕ್ಕೆ ಬಂದರೆ ಉಳಿದಿದ್ದು ಹೆಸರುಗಳೇ, ಸತ್ತವನದು, ಅವನ ಅಪ್ಪನದು, ಊರಿನದು, ಕಲ್ಲು ಹಾಕಿಸಿದ ತಮ್ಮನದೋ ಮಗನದೋ. ೞ ಮತ್ತು ಱ ಅನ್ನುವ ಎರಡು ಹಳೇ ಅಕ್ಷರಗಳ ಆಕಾರ ಮೊದಲೇ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಕೆಲವು ಕಲ್ಲಿನಲ್ಲಿ ಒಂದು ಸಂಸ್ಕೃತ ಶ್ಲೋಕವೂ ಇರುತ್ತದೆ, "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ" ಅಂತ. ಗೆದ್ದರೆ ಸಿರಿ, ಸತ್ತರೆ ಅಪ್ಸರೆ, ಕ್ಷಣದಲ್ಲಿ ಹೋಗುವ ಮೈಗೆ ರಣದಲ್ಲಿ ಸಾಯುವ ಚಿಂತೆ ಏಕೆ ಅನ್ನುವುದು ಅದರ ಒಟ್ಟು ಅರ್ಥ. ಮಧ್ಯದ ಅಂಕಣದ ಅಪ್ಸರೆಯರು ಎಲ್ಲಿಂದ ಬಂದರು ಅಂತ ಆಗ ಗೊತ್ತಾಗುತ್ತದೆ.

ವರ್ಷ ಲೆಕ್ಕ ಹಾಕುವುದು ಸುಲಭ. ಶಕವರ್ಷಕ್ಕೆ 78 ಸೇರಿಸಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಾಸನದ ಶಕವರ್ಷ 1039, ಅಂದರೆ 1117ನೇ ಇಸವಿ. ಅಂಕಿ ಸವೆದಿದ್ದರೂ ಸಂವತ್ಸರದ ಹೆಸರು ಉಳಿದಿರುತ್ತದೆ, ಅದು ದೊಡ್ಡ ಸಹಾಯ. 1117 ಹೇವಿಳಂಬಿ. 2017ರ ಯುಗಾದಿಗೆ ನಮಗೆ ಬಂದಿದ್ದೂ ಹೇವಿಳಂಬಿಯೇ, ಅಲ್ವಾ? ನಡುವೆ 900 ವರ್ಷ, 60ರ ಹದಿನೈದು ಸುತ್ತು. ಹೀಗೆ ಗೊತ್ತಿರುವ ಸಂವತ್ಸರದಿಂದ 60, 60 ಕಳೆಯುತ್ತಾ ಹೋಗಿ. ಜೊತೆಗೆ ರಾಜನ ಹೆಸರು ಸಿಕ್ಕರೆ ಯಾವ ಸುತ್ತು ಅಂತ ತೀರ್ಮಾನ ಆಗುತ್ತದೆ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳ ಆಳಿದ್ದು 1173ರಿಂದ 1220ರ ತನಕ, ಹಾಗಾಗಿ ಅವನ ಕಾಲದ ಕಲ್ಲಾದರೆ ಹುಡುಕಬೇಕಾದ ಜಾಗ ತುಂಬಾ ಚಿಕ್ಕದು.

ನೀವು ಓದಿದ್ದು ಸರಿಯೋ ತಪ್ಪೋ ನೋಡಲು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳಿವೆ. ಬಿ. ಎಲ್. ರೈಸ್ ಅವರ ಹಳೇ ಸಂಪುಟಗಳಲ್ಲಿ ಐದನೆಯದು ಹಾಸನ, ಆರನೆಯದು ಕಡೂರು ಜಿಲ್ಲೆ. ಆಗ ಚಿಕ್ಕಮಗಳೂರಿಗೆ ಜಿಲ್ಲೆಯ ಲೆಕ್ಕದಲ್ಲಿ ಕಡೂರು ಅಂತಲೇ ಹೆಸರು, ಇದು ಗೊತ್ತಿಲ್ಲದೆ ನಾನು ಬಹಳ ದಿನ ಚಿಕ್ಕಮಗಳೂರು ಸಂಪುಟ ಅಂತ ಹುಡುಕುತ್ತಿದ್ದೆ. ತಾಲ್ಲೂಕು, ಆಮೇಲೆ ಊರು, ಈ ಕ್ರಮದಲ್ಲಿ ನೋಡಿ.

ಕಲ್ಲು ಹುಡುಕಿಕೊಂಡು ಹೊರಡುವವರಿಗೆ ನಾನು ಹೇಳುವ ಮೊದಲ ಊರು ಹಲ್ಮಿಡಿ, ಬೇಲೂರು ತಾಲ್ಲೂಕು. ಕನ್ನಡದ ಹಳೆಯ ಶಾಸನ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಸುಮಾರು 450ನೇ ಇಸವಿಯದು. ಅದರಲ್ಲಿ ಏನಿದೆ ಅಂತ ಎಷ್ಟು ಜನ ಹೇಳಬಲ್ಲರು? ಅದೂ ಯುದ್ಧದ ನೆನಪೇ. ಕೇಕಯ ಪಲ್ಲವರ ಜೊತೆ ಕಾದಾಡಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎರಡು ಊರನ್ನು "ಬಾಳ್ಗಳ್ಚು" ಕೊಟ್ಟರು ಅಂತ ಬರೆದಿದೆ. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ನೆತ್ತರಾದ ಕತ್ತಿ ತೊಳೆದು ಕೊಡುವ ದಾನ. ಸತ್ತವನ ಮನೆಯವರಿಗೆ ಕೊಡುವ ಹೊಲಕ್ಕೆ ನೆತ್ತರುಕೊಡಗೆ ಅಂತ ಹೆಸರು. ಎಂಥ ಮಾತುಗಳು ನೋಡಿ! ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಇರುವುದು ಅದರ ಪ್ರತಿ. ಆದರೂ ಹೋಗಿ. ಬಾಳ್ಗಳ್ಚು ಅನ್ನುವ ಮಾತನ್ನು ಆ ಊರಿನಲ್ಲೇ ನಿಂತು ಓದುವುದು ಬೇರೆಯೇ.

ಎರಡನೆಯದು ಶ್ರವಣಬೆಳಗೊಳ. ಎಲ್ಲರೂ ದೊಡ್ಡಬೆಟ್ಟ ಹತ್ತಿ ಇಳಿದು ಬಸ್ ಹಿಡಿಯುತ್ತಾರೆ. ನೀವು ಚಿಕ್ಕಬೆಟ್ಟಕ್ಕೂ ಹತ್ತಿ. ಅಲ್ಲಿ ತೇರಿನ ಬಸದಿಯ ಹತ್ತಿರದ ಒಂದು ವೀರಗಲ್ಲಿನಲ್ಲಿ ಹೆಂಗಸೊಬ್ಬಳು ಕುದುರೆ ಮೇಲೆ ಕೂತು ಕತ್ತಿ ಎತ್ತಿದ್ದಾಳೆ, ಎದುರಿಗೆ ಆನೆ ಮೇಲೆ ಒಬ್ಬ ಬರುತ್ತಿದ್ದಾನೆ. ಅವಳು ಸಾವಿಯಬ್ಬೆ, ಲೋಕವಿದ್ಯಾಧರನ ಹೆಂಡತಿ, ಬಗೆಯೂರಿನ ಕಾಳಗದಲ್ಲಿ ಗಂಡನ ಜೊತೆ ಹೋರಾಡಿ ಸತ್ತವಳು. ಹತ್ತನೇ ಶತಮಾನದ ಕಲ್ಲು. ಮಾಸ್ತಿಕಲ್ಲಿನ ಮುಂದೆ ನಿಲ್ಲಲಾಗದ ನಾನು ಇವಳ ಮುಂದೆ ಒಂದು ಗಂಟೆ ಕೂತಿದ್ದೇನೆ. ದೊಡ್ಡಬೆಟ್ಟದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಗಂಗರ ಸೇನಾಪತಿಯೇ, ಸಮರ ಪರಶುರಾಮ ಅಂತ ಬಿರುದು ಇದ್ದವನು. ಅಷ್ಟು ಯುದ್ಧ ಮಾಡಿದವನು ಅಣ್ಣನನ್ನು ಗೆದ್ದ ಮೇಲೂ ರಾಜ್ಯ ಬೇಡ ಅಂತ ಹೋದವನ ಮೂರ್ತಿ ಮಾಡಿಸಿದ. ಬೆಟ್ಟ ಹತ್ತುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಇದಾದ ಮೇಲೆ ಹಳೇಬೀಡು. ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲು ದಾಟಿ ಮೇಲೆ ಹೋದರೆ ರಾಮಾಯಣ ಮಹಾಭಾರತದ ಸಾಲು ಇದೆ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವುದು, ಭೀಷ್ಮ ಶರಶಯ್ಯೆಯಲ್ಲಿ ಮಲಗಿರುವುದನ್ನು ಗೈಡ್‌ಗಳು ತೋರಿಸುತ್ತಾರೆ. ನೀವು ಸುಮ್ನೆ ಕಥೆ ಕೇಳಿ ಬರಬೇಡಿ. ಕೈಯಲ್ಲಿರುವ ಕತ್ತಿ, ಗುರಾಣಿ, ಕುದುರೆಯ ಜೀನು ನೋಡಿ. ಕಥೆ ಕುರುಕ್ಷೇತ್ರದ್ದಾದರೂ ಶಿಲ್ಪಿ ಕಡೆದಿದ್ದು ತಾನು ಕಣ್ಣಾರೆ ಕಂಡ ಹೊಯ್ಸಳರ ದಂಡನ್ನು. ವೀರಗಲ್ಲುಗಳನ್ನು ಮೊದಲು ನೋಡಿದ್ದರೆ ಇದು ಥಟ್ಟನೆ ಹೊಳೆಯುತ್ತದೆ, ಅದಕ್ಕೇ ಹಳೇಬೀಡನ್ನು ಆಮೇಲೆ ಇಟ್ಟುಕೊಳ್ಳಿ ಅಂದಿದ್ದು. ಅಲ್ಲೇ ಒಂದು ಗರುಡಗಂಬ ಇದೆ, ಜನ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಇಮ್ಮಡಿ ಬಲ್ಲಾಳ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಜೊತೆಗಾರರೊಂದಿಗೆ ಪ್ರಾಣ ಬಿಟ್ಟ ನೆನಪಿನ ಕಂಬ. ತಮ್ಮ ತಲೆ ತಾವೇ ಕಡಿದುಕೊಳ್ಳುವವರನ್ನು ಅದರಲ್ಲಿ ಕಡೆದಿದ್ದಾರೆ. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅಂತ ಮಾತು ಕೊಟ್ಟವರನ್ನು ಗರುಡ ಅನ್ನುತ್ತಿದ್ದರು. ದೇವಸ್ಥಾನದ ಆವರಣದ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ಅದು ಬಿಟ್ಟು ಬೇರೆ ದಿನ ಹೋಗಿ. ಹಾಸನದ ಮಹಾರಾಜ ಪಾರ್ಕ್‌ನಲ್ಲಿರುವ ಸರ್ಕಾರಿ ಮ್ಯೂಸಿಯಂ ಚಿಕ್ಕದು, ಬಸ್ಸಿಗೆ ಟೈಮ್ ಇದ್ದರೆ ಸಾಕು.

ಚಿಕ್ಕಮಗಳೂರು ಕಡೆಯವರಾದರೆ ತರೀಕೆರೆ ಹತ್ತಿರದ ಅಮೃತಾಪುರ. ಅಲ್ಲಿನ ಅಮೃತೇಶ್ವರ ದೇವಸ್ಥಾನ 1196ರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳಿವೆ, ಅವು ಅಪ್ರದಕ್ಷಿಣೆಯಾಗಿ ಸಾಗುತ್ತವೆ. ಉತ್ತರದ ಕಡೆ ಕೃಷ್ಣನ ಕಥೆ 25, ಮಹಾಭಾರತ 45, ಅವು ಪ್ರದಕ್ಷಿಣೆಯಾಗಿ. ಇದು ಗೊತ್ತಿಲ್ಲದಿದ್ದರೆ ಕಥೆ ಹಿಂದುಮುಂದು ಆಗುತ್ತದೆ. ಸಕಲೇಶಪುರದ ಮಂಜರಾಬಾದ್ ಕೋಟೆ ಟಿಪ್ಪುವಿನದು, 1792ರದ್ದು, ನಕ್ಷತ್ರದ ಆಕಾರ. ನೋಡಲು ಚೆನ್ನಾಗಿದೆ, ಆದರೆ ಅಲ್ಲಿ ನೆನಪಿನ ಕಲ್ಲು ಓದುವ ಕೆಲಸ ಇಲ್ಲ.

ಇನ್ನು ಏನು ಮಾಡಬಾರದು ಅನ್ನುವುದು, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಮೈದಾಹಿಟ್ಟು, ಅರಿಶಿನ ಬಳಿಯಬೇಡಿ. ಆಸಿಡ್ ಹಾಕಬೇಡಿ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಹೊಯ್ಸಳರ ಕಾಲದ ಎಷ್ಟೋ ಕಲ್ಲುಗಳು ಬಳಪದ ಕಲ್ಲು, ತಂತಿ ಬ್ರಷ್ಷಿನ ಒಂದೇ ಉಜ್ಜಿಗೆ ಅಕ್ಷರ ಹೋಗುತ್ತದೆ. ಮಣ್ಣು ಅಂಟಿದ್ದರೆ ಬರೀ ನೀರು, ಮೆತ್ತಗಿನ ಬಟ್ಟೆ ಸಾಕು. ಕಲ್ಲುಹೂವು ಗಟ್ಟಿಯಾಗಿ ಹಿಡಿದಿದ್ದರೆ ಕೀಳಬೇಡಿ. ಕಾಗದ ಒತ್ತಿ ಮಸಿ ಹಾಕಿ ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ, ಅವರಿಗೇ ಬಿಡಿ. ಬಿದ್ದ ಕಲ್ಲನ್ನು ಜೆಸಿಬಿ ತಂದು ಎತ್ತಿಸುವ ಉತ್ಸಾಹ ಬೇಡ, ತಾಲ್ಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ಫೋಟೋ ಸಮೇತ ಅರ್ಜಿ ಬರೆಯಿರಿ.

ನಮ್ಮೂರಲ್ಲಿ ಗುಡಿ ಜೀರ್ಣೋದ್ಧಾರ ನಡೆದಾಗ ಕೆಲಸದವರಿಗೆ ಯಾರೋ ಹೇಳಿ ಮೂರೂ ಕಲ್ಲಿಗೆ ಆಯಿಲ್ ಪೇಂಟ್ ಹೊಡೆಸಿಬಿಟ್ಟರು. ಭಕ್ತಿಯಿಂದಲೇ ಮಾಡಿದ್ದು, ಬೈಯಲೂ ಆಗುವುದಿಲ್ಲ. ಎರಡರಲ್ಲಿ ಬರಹ ಪೂರ್ತಿ ತುಂಬಿಹೋಗಿದೆ. ಅದಕ್ಕೇ ಹೇಳುವುದು, ಇವತ್ತು ಕಲ್ಲು ಸಿಕ್ಕರೆ ಇವತ್ತೇ ಫೋಟೋ ತೆಗೆಯಿರಿ. ಪೂರ್ತಿ ಕಲ್ಲಿನದು ಒಂದು, ಅಂಕಣಕ್ಕೆ ಒಂದೊಂದು, ಬರಹದ ಪ್ರತಿ ಸಾಲಿಗೂ ಒಂದೊಂದು, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಊರಿನ ಹಿರಿಯರು ಆ ಕಲ್ಲಿಗೆ ಏನು ಹೆಸರು ಹೇಳುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ.

ಹಸುಗಳಿರುವ ನಮ್ಮ ಕಲ್ಲಿನ ಫೋಟೋ ಪೇಂಟ್ ಬೀಳುವ ಮೊದಲು ನನ್ನ ಹಳೇ ಫೋನಿನಲ್ಲಿ ಒಂದೇ ಒಂದು ಉಳಿದಿದೆ, ಅದೂ ಮಧ್ಯಾಹ್ನ ತೆಗೆದಿದ್ದು. ಎಷ್ಟು ದೊಡ್ಡದು ಮಾಡಿ ನೋಡಿದರೂ "ತುರುವಂ" ಅನ್ನುವುದು ಓದಲು ಬರುತ್ತದೆ, ಅದರ ಮುಂದಿನ ಹೆಸರು ಬರುವುದಿಲ್ಲ.