ಸುಲಿತದ ರಾತ್ರಿಗೆ ಯಾವ ಪ್ಲೇಯರ್?

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟರೆ ಸ್ವಲ್ಪ ದೂರಕ್ಕೇ ಮೊಬೈಲಿನ ಹಾಡು ನಿಂತು ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. ಹಾಡನ್ನು ಒಳಗೇ ಇಟ್ಟುಕೊಳ್ಳುವ ಪ್ಲೇಯರ್ ನಮ್ಮ ಕಡೆ ಇನ್ನೂ ಬೇಕಾಗುವುದು ಇದಕ್ಕೇ. 2001ರಲ್ಲಿ ಬಂದ ಐಪಾಡನ್ನು ಆಪಲ್ 2022ರಲ್ಲಿ ನಿಲ್ಲಿಸಿತು. ಆದರೆ ಹಾಡು ಕೇಳುತ್ತ ರಾತ್ರಿ ಕೂತು ಮಾಡುವ ಅಡಿಕೆ ಸುಲಿತ ನಿಂತಿಲ್ಲವಲ್ಲ!

ಮೊದಲು, ಕೇಳುವುದೇನು?

ನಾಲ್ಕೈದು ನಿಮಿಷದ ಸಿನಿಮಾ ಹಾಡಾದರೆ ಯಾವುದೂ ಆದೀತು. ತಾಳಮದ್ದಳೆ, ಯಕ್ಷಗಾನ, ಹೊಸಹಳ್ಳಿ ಕಡೆಯ ಗಮಕ (ಕಾವ್ಯವನ್ನು ರಾಗವಾಗಿ ಓದುವುದು) ಕೇಳುವವರ ಕಷ್ಟ ಬೇರೆ. ಮೂರು ಗಂಟೆಯದ್ದು ಒಂದೇ ಫೈಲ್. ನಾನು ಮೊದಲು ಕೊಂಡದ್ದು ಪರದೆಯಿಲ್ಲದ, ಬೆರಳುದ್ದದ ಪ್ಲೇಯರ್. ಕೃಷ್ಣ ಸಂಧಾನಕ್ಕೆ ಬಂದು, ಕೌರವ ಇನ್ನೇನು ಬಾಯಿ ಬಿಡಬೇಕು, ಚಾರ್ಜ್ ಖಾಲಿ. ತುಂಬಿಸಿ ಒತ್ತಿದರೆ ಮತ್ತೆ ಗಣಪತಿ ಸ್ತುತಿ! ನಿಂತಲ್ಲಿಂದಲೇ ಮುಂದುವರಿಸುವ ಸೌಲಭ್ಯ ಇದೆಯೇ ಎಂಬುದನ್ನೇ ಮೊದಲು ನೋಡಿ. ಬಣ್ಣ, ಬೆಲೆ ಆಮೇಲೆ.

ಕೈ ಹೇಗಿರುತ್ತದೆ?

ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಬೆರಳಿಗೆಲ್ಲ ಚೊಗರು, ಅಂದರೆ ಅಡಿಕೆಯ ಕಪ್ಪು ಕಲೆ. ಆ ಕೈಯಲ್ಲಿ ಟಚ್‌ಸ್ಕ್ರೀನ್ ಮುಟ್ಟಿದರೆ ಪರದೆಯೂ ಕಪ್ಪು, ಹಾಡೂ ಬದಲಾಗದು. ಗುಂಡಿಯಿರುವ, ಸಣ್ಣ ಪರದೆಯ ಪ್ಲೇಯರ್ ವಾಸಿ; ಮೆಮೊರಿ ಕಾರ್ಡ್ ಹಾಕುವ ಕೀಪ್ಯಾಡ್ ಫೋನೂ ಅದೇ ಕೆಲಸ ಮಾಡುತ್ತದೆ. ಹತ್ತು ಜನ ಸೇರಿ ಕೇಳುವುದಾದರೆ, ಅಥವಾ ಅಜ್ಜಿಗಾದರೆ, ಹಾಡು ತುಂಬಿಸಿಯೇ ಬರುವ ಕಾರವಾನ್ ಥರದ ಸ್ಪೀಕರ್ ಪೆಟ್ಟಿಗೆ ಒಳ್ಳೆಯದು. ಸೋನಿ, ಫಿಯೊ ಕಂಪನಿಗಳ ದುಬಾರಿ ಪ್ಲೇಯರ್‌ಗಳ ಧ್ವನಿ ನಿಜಕ್ಕೂ ಸೊಗಸು. ಆದರೆ ಸುಲಿಯುವ ಗಲಾಟೆಯ ನಡುವೆ ಆ ಸೊಗಸು ಯಾರಿಗೆ ಕೇಳಬೇಕು?

ಎಫ್‌ಎಂ ಬೇಕೆನ್ನುವವರು ಗಮನಿಸಿ: ಸಣ್ಣ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಇಯರ್‌ಫೋನಿನ ವೈರೇ ಆಂಟೆನಾ. ವೈರಿಲ್ಲದ ಬ್ಲೂಟೂತ್ ಸಿಕ್ಕಿಸಿಕೊಂಡು ಆಕಾಶವಾಣಿ ಬರಲಿಲ್ಲವೆಂದು ಗೊಣಗಬೇಡಿ.

ಎಷ್ಟು ಜಿಬಿ?

ಸೆಕೆಂಡಿಗೆ 128 ಕಿಲೋಬಿಟ್, ಅಂದರೆ 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ 175 ಎಂಬಿ ಹತ್ತಿರ. 8 ಜಿಬಿಯಲ್ಲಿ ನಲವತ್ತಕ್ಕೂ ಹೆಚ್ಚು ಪ್ರಸಂಗ ಹಿಡಿಯುತ್ತವೆ. ಸಿ.ಡಿ.ಯಿಂದ ನೇರವಾಗಿ ತೆಗೆದ, ಧ್ವನಿ ಏನೂ ಕಳೆಯದ ಫ್ಲ್ಯಾಕ್ ಫೈಲಿಗೆ ಇದರ ಐದಾರು ಪಟ್ಟು ಜಾಗ ಬೇಕು. ಇರುವ ಎಂಪಿ3ಯನ್ನೇ ಫ್ಲ್ಯಾಕ್ ಮಾಡಿದರೆ ಜಾಗ ದಂಡ, ಎಂಪಿ3 ಮಾಡುವಾಗ ಕಳೆದುಹೋದ ಧ್ವನಿ ಮರಳುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ

ಶಿವಮೊಗ್ಗಕ್ಕೆ ಹೋಗುವಾಗ ನಿಮ್ಮದೇ ಕಾರ್ಡ್ ಜೇಬಿನಲ್ಲಿರಲಿ. 32 ಜಿಬಿ ಸಾಕು. ಅದಕ್ಕಿಂತ ದೊಡ್ಡ ಕಾರ್ಡನ್ನು ಅಗ್ಗದ ಪ್ಲೇಯರ್‌ಗಳು ಗುರುತಿಸದೇ ಇರುವುದುಂಟು. ಉದ್ದದ ಫೈಲೊಂದನ್ನು ಹಾಕಿಸಿ, ನಲವತ್ತನೇ ನಿಮಿಷಕ್ಕೆ ಓಡಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಬಿಡಬೇಡಿ. ಕನ್ನಡದ ಹೆಸರುಗಳು ಬರೀ ಚೌಕಗಳಾಗಿ ಕಂಡರೆ ಫೈಲುಗಳಿಗೆ 001, 002 ಎಂದು ಹೆಸರಿಟ್ಟು ಅದೇ ಕ್ರಮದಲ್ಲಿ ಕಾಪಿ ಮಾಡಿಕೊಳ್ಳಿ. ಕೆಲವು ಪ್ಲೇಯರ್‌ಗಳು ಕಾಪಿಯಾದ ಸರದಿಯಲ್ಲೇ ನುಡಿಸುತ್ತವೆ.

ಮಳೆಗಾಲದ ಜೋಪಾನ

ಬೂಸಲು ಹಿಡಿಯದಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಜೊತೆಗಿಡಿ. ಅರ್ಧ ಚಾರ್ಜ್ ಇರುವಾಗಲೇ ಮುಚ್ಚಿಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದ ಬ್ಯಾಟರಿ ಸುಲಿತದ ಹೊತ್ತಿಗೆ ಏಳದೇ ಹೋಗಬಹುದು.