ಇಂಗ್ಲಿಷ್ ವಾಕ್ಯ ತಿದ್ದುವಾಗ ನಾನು ನೋಡುವ ಜಾಗಗಳು

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದವರ ಕರಡು ತಿದ್ದುವುದು ನನ್ನ ಕೆಲಸ. ಸಂಸ್ಥೆಗಳ ವಾರ್ಷಿಕ ವರದಿ, ಅನುದಾನದ ಅರ್ಜಿ, ಕನ್ನಡದಿಂದ ಅನುವಾದವಾದ ಲೇಖನ, ಇಂಥವು. ಸ್ಪೆಲಿಂಗ್ ತಪ್ಪು ಈಗ ಕಡಿಮೆ, ಅದನ್ನು ಕಂಪ್ಯೂಟರೇ ಹಿಡಿಯುತ್ತದೆ. ಉಳಿಯುವುದು ಪದ ಕೂತ ಜಾಗದ ತೊಂದರೆ. ಪರೀಕ್ಷೆಯ ಲೆಕ್ಕದಲ್ಲಿ ವಾಕ್ಯ ಸರಿಯಾಗಿಯೇ ಇರುತ್ತದೆ, ಓದುವವರು ಮಾತ್ರ ಎರಡೆರಡು ಸಲ ಓದಬೇಕು.

ಇದರ ಬೇರು ಎರಡು ಭಾಷೆಗಳ ಜಾಯಮಾನದಲ್ಲಿದೆ. 'ನಾಯಿಯನ್ನು ಬೆಕ್ಕು ಓಡಿಸಿತು' ಎಂಬುದನ್ನು 'ಬೆಕ್ಕು ನಾಯಿಯನ್ನು ಓಡಿಸಿತು' ಎಂದರೂ ಓಡಿಸಿದ್ದು ಬೆಕ್ಕೇ, ಏಕೆಂದರೆ ವಿಭಕ್ತಿ ಕಾವಲು ಕೂತಿದೆ. ಇಂಗ್ಲಿಷಿನಲ್ಲಿ ಬೆಕ್ಕು ನಾಯಿಗಳ ಜಾಗ ಬದಲಿಸಿದರೆ ಕಥೆಯೇ ಉಲ್ಟಾ. ಆ ಭಾಷೆಗೂ ಹಿಂದೆ ಇಂಥ ಪ್ರತ್ಯಯಗಳಿದ್ದವು. 1066ರ ನಾರ್ಮನ್ ಆಕ್ರಮಣದ ಆಚೀಚಿನ ಶತಮಾನಗಳಲ್ಲಿ ಅವು ಸವೆದುಹೋದವು. ಐ–ಮಿ, ಹಿ–ಹಿಮ್ ಥರದ ಸರ್ವನಾಮಗಳಲ್ಲಿ ಒಂದಿಷ್ಟು ಚೂರು ಉಳಿದಿದೆ, ಅಷ್ಟೇ. ಪ್ರತ್ಯಯ ಮಾಡುತ್ತಿದ್ದ ದುಡಿಮೆಯನ್ನೆಲ್ಲ ಈಗ ಜಾಗ ಮಾಡುತ್ತದೆ. ಹಾಗಾಗಿ ನಾನು ತಿದ್ದುವಾಗ ಪದಕ್ಕಿಂತ ಮೊದಲು ಜಾಗ ನೋಡುತ್ತೇನೆ.

ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕರ್ತೃವಿಗೆ ಸುತ್ತು, ಮುಖ್ಯ ಕ್ರಿಯಾಪದಕ್ಕೆ ಅಡಿಗೆರೆ. ಇವೆರಡರ ನಡುವೆ ಏಳೆಂಟಕ್ಕಿಂತ ಹೆಚ್ಚು ಪದ ಇದ್ದರೆ ಒಡೆಯಬೇಕು. ಕನ್ನಡದ ಕಿವಿ ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯಲು ಪಳಗಿದೆ, ಇಂಗ್ಲಿಷ್ ಓದುಗನಿಗೆ ಆ ತಾಳ್ಮೆ ಇಲ್ಲ. 'ದಿ ಕಮಿಟಿ, ವಿಚ್ ವಾಸ್ ಫಾರ್ಮ್ಡ್ ಆಫ್ಟರ್ ದಿ ವಿಲೇಜರ್ಸ್ ಮೆಟ್ ಇನ್ ದಿ ಟೆಂಪಲ್, ಡಿಸೈಡೆಡ್...' ಇಲ್ಲಿ ಕಮಿಟಿಗೂ ಡಿಸೈಡೆಡ್‌ಗೂ ಹತ್ತು ಪದಗಳ ಅಂತರ. 'ದಿ ವಿಲೇಜರ್ಸ್ ಮೆಟ್ ಇನ್ ದಿ ಟೆಂಪಲ್ ಆ್ಯಂಡ್ ಫಾರ್ಮ್ಡ್ ಎ ಕಮಿಟಿ. ದಿ ಕಮಿಟಿ ಡಿಸೈಡೆಡ್...' ಎಂದರೆ ಸಲೀಸು. ಮೊದಲ ವಾಕ್ಯದ ಬಾಲದಲ್ಲಿ ಹೊಸದಾಗಿ ಬಂದ ಕಮಿಟಿ ಎರಡನೆಯದರ ತಲೆಯಲ್ಲಿ ಪರಿಚಯದವಳಂತೆ ಕೂರುತ್ತದೆ. ಗೊತ್ತಿರುವುದು ಮೊದಲು, ಹೊಸದು ಕೊನೆಗೆ: ಪ್ಯಾರಾ ಸರಾಗವಾಗುವುದು ಮುಖ್ಯವಾಗಿ ಇದರಿಂದ.

ಆಮೇಲೆ 'ಶನ್', 'ಮೆಂಟ್', 'ಅನ್ಸ್' ಎಂದು ಮುಗಿಯುವ ಪದಗಳ ಬೇಟೆ. ಇವು ಹೊಟ್ಟೆಯೊಳಗೆ ಕ್ರಿಯೆ ಇಟ್ಟುಕೊಂಡ ನಾಮಪದಗಳು. ಕ್ರಿಯೆ ಒಳಗೆ ಹೋದಾಗ ವಾಕ್ಯಕ್ಕೆ 'ವಾಸ್ ಡನ್', 'ಟುಕ್ ಪ್ಲೇಸ್' ಎಂಬ ಸತ್ವವಿಲ್ಲದ ಕ್ರಿಯಾಪದ ಬೇಕಾಗುತ್ತದೆ, ನಾಮಪದಗಳನ್ನು ಪೋಣಿಸಲು ಸಾಲುಸಾಲು 'ಆಫ್' ಬೇಕಾಗುತ್ತವೆ. ಒಂದು ಮಾದರಿ:

'ದಿ ಇಂಪ್ಲಿಮೆಂಟೇಶನ್ ಆಫ್ ದಿ ಡಿಸಿಲ್ಟಿಂಗ್ ಆಫ್ ದಿ ಲೇಕ್ ವಾಸ್ ಡನ್ ಬೈ ದಿ ಕಮಿಟಿ ಆಫ್ಟರ್ ದಿ ರಿಸೀಟ್ ಆಫ್ ದಿ ಪರ್ಮಿಷನ್.'

19 ಪದ, ಅದರಲ್ಲಿ ಮೂರು 'ಆಫ್', ಆರು 'ದಿ'. ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಏನು ಮಾಡಿದರು? ಕಮಿಟಿಯವರು ಕೆರೆಯ ಹೂಳೆತ್ತಿದರು. ಯಾವಾಗ? ಅನುಮತಿ ಬಂದ ಮೇಲೆ. 'ವನ್ಸ್ ದಿ ಪರ್ಮಿಷನ್ ಕೇಮ್, ದಿ ಕಮಿಟಿ ಡಿಸಿಲ್ಟೆಡ್ ದಿ ಲೇಕ್.' ಒಂಬತ್ತು ಪದ. ಅರ್ಥ ಒಂದಿಷ್ಟೂ ಸೋರಿಲ್ಲ. ಆದರೆ ಇಂಥ ನಾಮಪದ ಕಂಡಲ್ಲೆಲ್ಲ ಕತ್ತರಿ ಹಾಕುವುದೂ ತಪ್ಪು. 'ಪರ್ಮಿಷನ್' ಕೂಡ ಅದೇ ಜಾತಿಯದು, ಇಲ್ಲಿ ಅದು ಕೈಗೆ ಬಂದ ಒಂದು ಕಾಗದ, ಆದ್ದರಿಂದ ಉಳಿಯಿತು.

ಕರ್ಮಣಿ ಪ್ರಯೋಗದ ಮೇಲೆ ನನಗೆ ಹಗೆಯಿಲ್ಲ. 'ಪ್ಯಾಸಿವ್ ಬೇಡ' ಎಂದು ಕಣ್ಣುಮುಚ್ಚಿ ಹೇಳುವವರು ಅದರ ಅತ್ಯುತ್ತಮ ಉಪಯೋಗವನ್ನೇ ಬಿಟ್ಟುಬಿಡುತ್ತಾರೆ. ಪ್ಯಾರಾ ಕೆರೆಯ ಬಗ್ಗೆ ನಡೆದಿದ್ದರೆ, 'ದಿ ಲೇಕ್ ವಾಸ್ ಲಾಸ್ಟ್ ಡಿಸಿಲ್ಟೆಡ್ ಬೈ ಅವರ್ ಗ್ರ್ಯಾಂಡ್‌ಪೇರೆಂಟ್ಸ್' ಎಂಬುದೇ ಸರಿ. ಕೆರೆ ಮೊದಲ ಜಾಗ ಬಿಟ್ಟಿಲ್ಲ, ಅಜ್ಜ ಅಜ್ಜಿ ಕೊನೆಗೆ ಬಂದು ಹೂಳು ಎಷ್ಟು ಹಳೆಯದೆಂದು ಒಂದೇ ಪದದಲ್ಲಿ ಹೇಳಿದರು. ಇದನ್ನು ಕರ್ತರಿಗೆ ತಿರುಗಿಸಿ ನೋಡಿ, ಸಪ್ಪೆಯಾಗುತ್ತದೆ.

'ಎ' ಮತ್ತು 'ದಿ' ನಮ್ಮವರನ್ನು ಹೆಚ್ಚು ಸತಾಯಿಸುತ್ತವೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎನ್ನುವುದು ಅರ್ಧ ಸತ್ಯ. 'ಅರ್ಜಿ ಬರೆದೆ' ಮತ್ತು 'ಅರ್ಜಿಯನ್ನು ಬರೆದೆ' ಎಂಬ ಎರಡನ್ನು ಬಾಯಿಬಿಟ್ಟು ಹೇಳಿ. ಮೊದಲನೆಯದು ಯಾವುದೋ ಒಂದು ಅರ್ಜಿ, ಎರಡನೆಯದು ನಮ್ಮಿಬ್ಬರಿಗೂ ಗೊತ್ತಿರುವ ಅರ್ಜಿ. ಆಡುಮಾತಿನಲ್ಲಿ 'ಅನ್ನು' ತಾನಾಗಿ ಬಂದರೆ ಇಂಗ್ಲಿಷಿನಲ್ಲಿ 'ದಿ', ಬರದಿದ್ದರೆ ಬಹುಮಟ್ಟಿಗೆ 'ಎ'. ಈ ಪರೀಕ್ಷೆ ಎರಡು ಕಡೆ ಕೈಕೊಡುತ್ತದೆ. ಮನುಷ್ಯರಾದರೆ 'ಹುಡುಗನನ್ನು', 'ಡಾಕ್ಟರನ್ನು' ಎಂದು ಪ್ರತ್ಯಯ ಹೇಗೂ ಬರುತ್ತದೆ, ಅದರಿಂದ ಏನೂ ತಿಳಿಯದು. ಇನ್ನೊಂದು ಕಚೇರಿ ಕನ್ನಡ: 'ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು' ಶೈಲಿಯಲ್ಲಿ 'ಅನ್ನು' ಎಲ್ಲೆಲ್ಲೂ ಅಂಟಿರುತ್ತದೆ. ಆದ್ದರಿಂದ ಮನೆಮಾತಿನಲ್ಲೇ ಹೇಳಿ ನೋಡಬೇಕು. ವಾಕ್ಯದ ಕರ್ತೃವಿಗೆ ಬೇರೆ ಪರೀಕ್ಷೆ: ಅಲ್ಲಿ 'ಒಬ್ಬ', 'ಒಂದು' ಸೇರಿಸಬೇಕೆನಿಸಿದರೆ 'ಎ'. ಇನ್ನು 'ಇನ್ಫರ್ಮೇಶನ್', 'ಅಡ್ವೈಸ್', 'ಇಕ್ವಿಪ್‌ಮೆಂಟ್', 'ಫರ್ನಿಚರ್' ಇವುಗಳಿಗೆ 'ಎ'ಯೂ ಇಲ್ಲ, ಬಹುವಚನದ 'ಎಸ್' ಕೂಡ ಇಲ್ಲ. ಇವನ್ನು ಬಾಯಿಪಾಠ ಮಾಡುವುದೇ ದಾರಿ.

ಅಲ್ಪವಿರಾಮದ ಒಂದು ವಿಷಯ. 'ಮೈಸೂರಿನಲ್ಲಿರುವ ನನ್ನ ಅಣ್ಣ' ಎಂದರೆ ಇರುವುದು ಒಬ್ಬನೇ ಅಣ್ಣನೋ, ಹಲವರಲ್ಲಿ ಮೈಸೂರಿನವನೋ, ಕನ್ನಡ ಹೇಳುವುದಿಲ್ಲ. ಇಂಗ್ಲಿಷ್ ಹೇಳಿಸಿಯೇ ಬಿಡುತ್ತದೆ. 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು' ಎಂದು ಕಾಮಾ ಇಲ್ಲದೆ ಬರೆದರೆ ಬೇರೆ ಅಣ್ಣತಮ್ಮಂದಿರೂ ಇದ್ದಾರೆ. 'ಹೂ'ಗೆ ಮೊದಲೊಂದು, 'ಮೈಸೂರು' ಆದ ಮೇಲೊಂದು ಕಾಮಾ ಹಾಕಿದರೆ ಅವನೊಬ್ಬನೇ. ಎರಡನೆಯ ಕಾಮಾ ಮರೆಯುವವರೇ ಜಾಸ್ತಿ.

ತೇಲಾಡುವ 'ಇಂಗ್' ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಹುಟ್ಟಿನಿಂದಲೇ ಅನುಕೂಲವಿದೆ, ಬಳಸಿಕೊಳ್ಳುವವರು ಕಡಿಮೆ. 'ರೀಚಿಂಗ್ ದಿ ವಿಲೇಜ್, ದಿ ಲೇಕ್ ವಾಸ್ ಡ್ರೈ' ಎಂದು ಧೈರ್ಯವಾಗಿ ಬರೆಯುತ್ತಾರೆ. ಅದನ್ನೇ 'ಊರು ಮುಟ್ಟಿ, ಕೆರೆ ಒಣಗಿತ್ತು' ಎಂದು ಕನ್ನಡಕ್ಕೆ ತಂದರೆ ಯಾವ ಕಿವಿಯೂ ಒಪ್ಪದು. ಊರು ಮುಟ್ಟಿದ್ದು ಯಾರು, ಕೆರೆಯೇ? ಮುಟ್ಟಿ, ಹೋಗಿ, ನೋಡಿ ಎಂಬ ರೂಪಗಳು ಮುಂದಿನ ಕ್ರಿಯೆಯ ಕರ್ತೃವನ್ನೇ ಕೇಳುತ್ತವೆ, ಇಂಗ್ಲಿಷಿನ 'ಇಂಗ್' ಕೂಡ. ಹೀಗಾಗಿ ಅನುಮಾನ ಬಂದ 'ಇಂಗ್' ವಾಕ್ಯವನ್ನೆಲ್ಲ ಮನಸ್ಸಿನಲ್ಲಿ ಕನ್ನಡ ಮಾಡಿ ಕೇಳಿಸಿಕೊಳ್ಳುತ್ತೇನೆ. ತಿದ್ದಿದ್ದು: 'ರೀಚಿಂಗ್ ದಿ ವಿಲೇಜ್, ವಿ ಫೌಂಡ್ ದಿ ಲೇಕ್ ಡ್ರೈ.' ಒಂದು ಅಪವಾದ: 'ಮಳೆ ಬಂದು ಬೆಳೆ ಹಾಳಾಯಿತು' ಎಂದು ನಾವು ಹೇಳುತ್ತೇವೆ, ಕರ್ತೃ ಬೇರೆಯಾದರೂ. ಮೊದಲನೆಯದು ಎರಡನೆಯದಕ್ಕೆ ಕಾರಣವಾದಾಗ ಕನ್ನಡ ಈ ಸಲಿಗೆ ಕೊಡುತ್ತದೆ. ಇಂಗ್ಲಿಷಿನಲ್ಲಿ ಆಗ ಕಾರಣವನ್ನೇ ಕರ್ತೃ ಮಾಡಿ: 'ದಿ ರೇನ್ ರೂಯಿನ್ಡ್ ದಿ ಕ್ರಾಪ್.'

'ಹ್ಯಾಡ್' ಅತಿಯಾಗುವುದಕ್ಕೂ ಕನ್ನಡವೇ ಕಾರಣ. 'ನಿನ್ನೆ ಧಾರವಾಡಕ್ಕೆ ಹೋಗಿದ್ದೆ' ಎಂಬುದರ 'ಇದ್ದೆ' ಇಂಗ್ಲಿಷಿಗೆ ಹೋಗಿ 'ಐ ಹ್ಯಾಡ್ ಗಾನ್' ಆಗುತ್ತದೆ. 'ವೆಂಟ್' ಸಾಕು. ಭೂತಕಾಲದ ಇನ್ನೊಂದು ಘಟನೆ ಇದ್ದು, ಅದಕ್ಕಿಂತ ಇದು ಮೊದಲು ಆಗಿದ್ದರೆ ಮಾತ್ರ 'ಹ್ಯಾಡ್'.

'ನಿನ್ನೆಯೇ ಹೇಳಿದೆ' ಎಂಬುದರ 'ಏ' ಇನ್ನೊಂದು ತಲೆನೋವು. 'ಯೆಸ್ಟರ್ಡೇ ಓನ್ಲಿ', 'ಯೆಸ್ಟರ್ಡೇ ಇಟ್‌ಸೆಲ್ಫ್' ಎಂದು ಬರುತ್ತದೆ. ನಮ್ಮೂರಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಮಾತಿನಲ್ಲಿ ನನಗೆ ತಕರಾರಿಲ್ಲ. ಹೊರಗಿನವರು ಓದುವ ಬರಹವಾದರೆ 'ಏ'ಕಾರಕ್ಕೆ ಪದ ಹುಡುಕದೆ ರಚನೆ ಹುಡುಕಬೇಕು: 'ಇಟ್ ವಾಸ್ ಯೆಸ್ಟರ್ಡೇ ದ್ಯಾಟ್ ಐ ಟೋಲ್ಡ್ ಹಿಮ್.' ಪುಟಕ್ಕೊಂದಕ್ಕಿಂತ ಹೆಚ್ಚು ಬೇಡ.

ಇಷ್ಟು ಮಾಡಿದರೆ ಬರಹ ತಿಳಿಯಾಗುತ್ತದೆ. ಸೊಗಸು ಬರುವುದು ಕೊನೆಯ ಜಾಗದಿಂದ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ ಆಡಿದ ವಾಕ್ಯ: 'ಆ್ಯಟ್ ದಿ ಸ್ಟ್ರೋಕ್ ಆಫ್ ದಿ ಮಿಡ್‌ನೈಟ್ ಅವರ್, ವೆನ್ ದಿ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಆ್ಯಂಡ್ ಫ್ರೀಡಮ್.' 18 ಪದಗಳಲ್ಲಿ ಮೊದಲ 11 ಬರೀ ಹೊತ್ತು ಹೇಳುತ್ತವೆ, ಕರ್ತೃ ಹನ್ನೆರಡನೆಯದು. ಕಾಯಿಸುವುದು ಇಲ್ಲಿ ದೋಷವಲ್ಲ, ಏಕೆಂದರೆ ಕಾಯಿಸಿದ್ದು ಕರ್ತೃವಿಗೆ ಮೊದಲು. ಕರ್ತೃ ಬಂದೊಡನೆ ಕ್ರಿಯಾಪದವೂ ಬಂತು. ಈಗ ಅದೇ ಪದಗಳನ್ನು ಶಾಲೆಯ ಕ್ರಮದಲ್ಲಿ ಜೋಡಿಸಿ: 'ಇಂಡಿಯಾ ವಿಲ್ ಅವೇಕ್ ಟು ಲೈಫ್ ಆ್ಯಂಡ್ ಫ್ರೀಡಮ್ ಆ್ಯಟ್ ದಿ ಸ್ಟ್ರೋಕ್ ಆಫ್ ದಿ ಮಿಡ್‌ನೈಟ್ ಅವರ್, ವೆನ್ ದಿ ವರ್ಲ್ಡ್ ಸ್ಲೀಪ್ಸ್.' ವ್ಯಾಕರಣ ಸರಿ, ದೇಶ ಎದ್ದಿತು, ವಾಕ್ಯ ಮಲಗಿತು. ಹಾಗೆಂದು ವಾರ್ಷಿಕ ವರದಿಯ ಪ್ರತಿ ಸಾಲನ್ನೂ ಮಧ್ಯರಾತ್ರಿಯ ಭಾಷಣ ಮಾಡಬಾರದು. ಎರಡು ಪುಟಕ್ಕೆ ಒಂದು ಧಾರಾಳ.

ತಿದ್ದುವ ಹುರುಪಿನಲ್ಲಿ ಆಗುವ ಅನಾಹುತವೆಂದರೆ ಎಲ್ಲ ವಾಕ್ಯವೂ ಏಳೆಂಟು ಪದಕ್ಕೆ ಇಳಿದು ತಂತಿ ಸಂದೇಶದಂತೆ ಕುಟುಕುಟು ಎನ್ನುವುದು. 25 ಪದದ ವಾಕ್ಯದ ಪಕ್ಕ ಐದು ಪದದ್ದು ಬಂದರೆ ಐದರದ್ದಕ್ಕೆ ಬೆಲೆ. ಬರೀ ಐದಿದ್ದರೆ ಯಾವುದಕ್ಕೂ ಇಲ್ಲ. ಪ್ರಿಪೊಸಿಷನ್ (ಇನ್, ಟು, ಆಫ್ ಥರದ ಪದ) ವಾಕ್ಯದ ಕೊನೆಗೆ ಬರಬಾರದು ಎಂಬ ನಿಯಮಕ್ಕೂ ಹೆದರಬೇಕಿಲ್ಲ. 17ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಜಾನ್ ಡ್ರೈಡನ್ ಎತ್ತಿದ ಆಕ್ಷೇಪ ಅದು. 1762ರಲ್ಲಿ ರಾಬರ್ಟ್ ಲೌತ್ ತಮ್ಮ ವ್ಯಾಕರಣದಲ್ಲಿ ಅದೇ ವಿಷಯ ಎತ್ತಿದಾಗ ಅವರ ಮಾತಿನ ಮೊದಲ ತುಂಡೇ 'ಟು' ಎಂಬ ಪ್ರಿಪೊಸಿಷನ್ ಮೇಲೆ ಮುಗಿದಿದೆ.

ಕರಡು ಕಳಿಸುವ ಮುಂಚೆ ಕೊನೆಯದಾಗಿ ಮಾಡುವುದು: ಒಂದು ಪ್ಯಾರಾದ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ. ಲೇಕ್, ಸಿಲ್ಟ್, ಗ್ರ್ಯಾಂಡ್‌ಪೇರೆಂಟ್ಸ್, ವಾಟರ್ ಎಂದು ಬಂದರೆ ಪ್ಯಾರಾ ಏನು ಹೇಳುತ್ತಿದೆ ಎಂಬುದು ಪಟ್ಟಿಯಲ್ಲೇ ಕಾಣುತ್ತದೆ. 'ಆಲ್ಸೊ', 'ಎಟ್‌ಸೆಟ್ರಾ', 'ಅಕಾರ್ಡಿಂಗ್ಲಿ', 'ಇನ್ ದಿಸ್ ರಿಗಾರ್ಡ್' ಎಂದು ಬಂದರೆ ಮತ್ತೆ ಪೆನ್ಸಿಲ್ ಎತ್ತಿಕೊಳ್ಳುತ್ತೇನೆ. 'ಇನ್ ದಿಸ್ ರಿಗಾರ್ಡ್' ಅನ್ನು ಅಳಿಸಿ ಅರ್ಥ ಕೆಟ್ಟ ವಾಕ್ಯ ನನಗಿನ್ನೂ ಸಿಕ್ಕಿಲ್ಲ.