ಡಬ್ಬದ ಹಾಲಿಗೆ ಪಾಯಿಂಟ್ ಬೀಳದ ಹಾಗೆ ಬಿಲ್ಲಿಂಗ್ ಕಟ್ಟಿದ್ದು: ನನ್ನ ಅನುಭವ

ಮಗುವಿನ ಹಾಲಿನ ಪುಡಿಯ ಮಾರಾಟಕ್ಕೆ ಆಮಿಷ ಒಡ್ಡಬಾರದು ಎಂದು ಕಾನೂನಿದೆ. ಆದರೆ ಬಿಲ್ ಮೇಲಿನ ಸ್ಕೀಮ್ ಇಟ್ಟುಕೊಂಡು ಆ ಪುಡಿಯನ್ನು ಮಾತ್ರ ಹೊರಗಿಡೋಕೆ ಆಗಲ್ಲ, ಒಂದೋ ಎಲ್ಲಕ್ಕೂ ಪಾಯಿಂಟ್ ಕೊಡಿ, ಇಲ್ಲವೇ ಪಾಯಿಂಟ್ ಕಾರ್ಡನ್ನೇ ನಿಲ್ಲಿಸಿ ಎಂದು ಹೇಳಿದವರು ಹಾಸನದ ಬಿ.ಎಂ. ರಸ್ತೆಯ ಉದ್ದಕ್ಕೂ ಸಿಗುತ್ತಾರೆ. ಈಗ ಹಾಸನದ ಎರಡು ಮೆಡಿಕಲ್, ಬೇಲೂರಿನ ಒಂದು, ಚಿಕ್ಕಮಗಳೂರಿನ ಒಂದು ಸೂಪರ್ ಮಾರ್ಕೆಟ್, ಈ ನಾಲ್ಕು ಕಡೆ ಪುಡಿಯನ್ನು ಹೊರಗಿಟ್ಟ ಬಿಲ್ಲಿಂಗ್ ಒಂದು ವರ್ಷದ ಮೇಲಾಯಿತು, ಓಡುತ್ತಿದೆ. ಕಾರ್ಡೂ ಇದೆ, ಹಬ್ಬದ ಆಫರೂ ಇದೆ, ಪುಡಿಗೆ ಮಾತ್ರ ಒಂದು ಪೈಸೆ ಬೀಳುತ್ತಿಲ್ಲ. ಅಂಗಡಿ ನಡೆಸುವವರಿಗೆ ಬಿಲ್ಲಿಂಗ್ ಪರದೆ ಹೊಸದಲ್ಲ. ಆದ್ದರಿಂದ ಎಲ್ಲಿ ಸೋರಿತು, ಹೇಗೆ ಮುಚ್ಚಿದೆ ಎಂಬುದಷ್ಟೇ ಇಲ್ಲಿದೆ.

ಕಾನೂನಿನದು ಎರಡೇ ಮಾತು. ಶಿಶು ಹಾಲಿನ ಬದಲಿ, ಫೀಡಿಂಗ್ ಬಾಟಲಿ ಮತ್ತು ಶಿಶು ಆಹಾರಗಳ ಕಾಯ್ದೆ (ಐಎಂಎಸ್ ಕಾಯ್ದೆ) 1992ರದು, 1993ರ ಆಗಸ್ಟ್ 1ರಿಂದ ಜಾರಿ, 2003ರಲ್ಲಿ ತಿದ್ದುಪಡಿ. ಅದರಲ್ಲಿ ಪಾಯಿಂಟ್ ಎಂಬ ಪದ ಹುಡುಕಿದರೆ ಸಿಗಲ್ಲ, ಅದನ್ನೇ ಹಿಡಿದುಕೊಂಡು ವಾದ ಮಾಡುವವರಿದ್ದಾರೆ. 4ನೇ ಕಲಂ ಓದಿ ನೋಡಿ: ಸ್ಯಾಂಪಲ್ ಕೊಡಬಾರದು, ಪಾತ್ರೆಪಗಡ ಉಡುಗೊರೆ ಕೊಡಬಾರದು, ಮಾರಾಟ ಹೆಚ್ಚಿಸಲು ಬೇರೆ ಯಾವುದೇ ಬಗೆಯ ಆಮಿಷವನ್ನೂ ಒಡ್ಡಬಾರದು. ಆ ಕೊನೆಯ ಮಾತಿನೊಳಗೆ ಪಾಯಿಂಟ್, ಕೂಪನ್, ಕ್ಯಾಶ್‌ಬ್ಯಾಕ್, ಒಂದಕ್ಕೊಂದು ಉಚಿತ, ಎಲ್ಲವೂ ಬಂತು ಎಂದೇ ನಾನು ಲೆಕ್ಕ ಹಾಕಿದ್ದು. ಮೀರಿದರೆ ಮೂರು ವರ್ಷದವರೆಗೆ ಜೈಲು ಎಂದು 20ನೇ ಕಲಂ ಹೇಳುತ್ತದೆ. ಮಾರುವುದಕ್ಕೆ ಅಡ್ಡಿಯಿಲ್ಲ. ಎಂಆರ್‌ಪಿಗೆ ಮಾರಿ, ಬಿಲ್ ಕೊಡಿ, ಮುಗಿಯಿತು.

ಮೊದಲ ಕೆಲಸ ಕಾಯ್ದೆಯೊಳಗೆ ಬರುವ ಸರಕಿನ ಪಟ್ಟಿ ಮಾಡಿ, ಬಿಲ್ಲಿಂಗ್‌ನಲ್ಲಿ ಅವಕ್ಕೆ 'ಪಾಯಿಂಟ್ ಇಲ್ಲ' ಎಂಬ ಟಿಕ್ ಹಾಕುವುದು. ಅರ್ಧ ತಪ್ಪು ಇಲ್ಲೇ ಆಗುತ್ತದೆ. ಒಂದನೇ ಸ್ಟೇಜ್ (ಮಗುವಿನ ವಯಸ್ಸಿನ ಮೊದಲ ಹಂತದ) ಡಬ್ಬಕ್ಕೆ ಟಿಕ್ ಹಾಕಿ ಕೈ ತೊಳೆದುಕೊಂಡರೆ ಆಗಲಿಲ್ಲ. ತಾಯಿಹಾಲಿನ ಬದಲಿ ಎಂದು ಮಾರುವ ಪುಡಿ ಎರಡು ವರ್ಷದ ಮಗುವಿನವರೆಗೂ ಕಾಯ್ದೆಯೊಳಗೆ ಬರುತ್ತದೆ. ಅಂದರೆ ಲ್ಯಾಕ್ಟೋಜೆನ್, ನ್ಯಾನ್ ಪ್ರೊ, ಡೆಕ್ಸೊಲ್ಯಾಕ್‌ನಂಥವುಗಳ ಎರಡು, ಮೂರು, ನಾಲ್ಕನೇ ಸ್ಟೇಜ್ ಕೂಡ ಸೇರಿತು. ಆರು ತಿಂಗಳಿಂದ ಎರಡು ವರ್ಷದವರೆಗಿನ ಪೂರಕ ಆಹಾರ, ಸಿರಿಲ್ಯಾಕ್ ಥರದ್ದು, ಅದೂ ಒಳಗೆ. ಡಾಕ್ಟರ್ ಚೀಟಿ ಮೇಲೆ ಹೋಗುವ ಲ್ಯಾಕ್ಟೋಸ್ ಇಲ್ಲದ ಪುಡಿ, ದಿನ ತುಂಬದ ಮಗುವಿನ ಪುಡಿ ಕೂಡ ಒಳಗೇ. ಫೀಡಿಂಗ್ ಬಾಟಲಿಯ ಜೊತೆ ಅದರ ನಿಪ್ಪಲ್ ಮತ್ತು ವಾಲ್ವ್‌ಗೂ ಟಿಕ್ ಬೇಕು. ಐವತ್ತು ರೂಪಾಯಿ ನಿಪ್ಪಲ್‌ಗೆ ಯಾರು ನೋಡ್ತಾರೆ ಅನ್ನಬೇಡಿ, ವ್ಯಾಖ್ಯೆಯಲ್ಲೇ ಅದರ ಹೆಸರಿದೆ. ಅಮುಲ್‌ಸ್ಪ್ರೇ ಡಬ್ಬ ನೋಡಿ, ಚಹಾಕ್ಕೆ ಒಯ್ಯುವವರೇ ಜಾಸ್ತಿ, ಆದರೂ ಅದು ಶಿಶುಗಳ ಹಾಲಿನ ಆಹಾರ ಎಂದೇ ಮಾರಾಟವಾಗುವ ಸರಕು, ಒಳಗೆ ಹಾಕಿದೆ. ನಂದಿನಿಯ ಸಾದಾ ಹಾಲಿನ ಪುಡಿ ಹೊರಗೆ. ಎರಡು ವರ್ಷ ಮೇಲ್ಪಟ್ಟವರಿಗೆ ಎಂದು ಲೇಬಲ್ ಇರುವ ಪುಡಿಗಳು, ಡೈಪರ್, ಬ್ರೆಸ್ಟ್ ಪಂಪ್ ಎಲ್ಲ ಹೊರಗೆ. ಸ್ಟೀಲ್ ಒಳಲೆ ಮಾತ್ರ ತಲೆ ತಿಂದಿತು. ಕಾಯ್ದೆ 'ಬಾಟಲಿ ಅಥವಾ ಪಾತ್ರೆ' ಎನ್ನುತ್ತದೆ, ಒಳಲೆಯೂ ಹಾಲು ಕುಡಿಸುವ ಪಾತ್ರೆಯೇ. ಅಜ್ಜಿ ಕಾಲದ ಒಳಲೆಗೂ ಟಿಕ್ ಹಾಕಿದ್ದೀಯಲ್ಲ ಎಂದು ನಕ್ಕರು, ನಗಲಿ. ತಿಂಗಳಿಗೆ ಹೋಗುವುದು ಐದೋ ಆರೋ, ಅದರಿಂದ ಯಾರಿಗೂ ನಷ್ಟವಿಲ್ಲ.

ಇಷ್ಟೂ ಸೇರಿ ಮೆಡಿಕಲ್‌ನಲ್ಲಿ ಎಂಬತ್ತು ತೊಂಬತ್ತು ಐಟಂ, ಸೂಪರ್ ಮಾರ್ಕೆಟ್‌ನಲ್ಲಿ ನೂರ ಮೂವತ್ತರ ಹತ್ತಿರ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ: ಐಟಂ ಮಾಸ್ಟರ್‌ನಲ್ಲಿ, ಅಂದರೆ ಸಾಫ್ಟ್‌ವೇರ್‌ನ ಸರಕಿನ ಪಟ್ಟಿಯಲ್ಲಿ, ಆ ಐಟಂಗಳ ಡಿಸ್ಕೌಂಟ್ ಸೊನ್ನೆ ಮಾಡಿದೆ. ಒಂದು ವಾರ ಸುಖವಾಗಿತ್ತು. ಆಮೇಲೆ ಐಟಂವಾರು ರಿಪೋರ್ಟ್ ತೆಗೆದರೆ ಪುಡಿಯ ಸಾಲಿನಲ್ಲಿ ರಿಯಾಯಿತಿ ಕೂತಿದೆ. ಐಟಂ ಮೇಲೆ ಸೊನ್ನೆ ಇದ್ದರೂ ಬಿಲ್ ಮೇಲೆ ಕೊಡುವ ರಿಯಾಯಿತಿಯನ್ನು ಸಾಫ್ಟ್‌ವೇರ್ ಎಲ್ಲ ಸಾಲುಗಳಿಗೂ ಹಂಚಿಬಿಡುತ್ತದೆ. ತೆರಿಗೆ ಲೆಕ್ಕಕ್ಕೆ ಅದು ಹಂಚಲೇಬೇಕು, ಅದರ ತಪ್ಪಲ್ಲ.

ಎರಡನೆಯದು ಎಚ್‌ಎಸ್‌ಎನ್, ಅಂದರೆ ಜಿಎಸ್‌ಟಿಗಾಗಿ ಸರಕಿಗೆ ಕೊಡುವ ಸಂಖ್ಯೆ, ಹಿಡಿದು ತಡೆಯುವುದು. ಶಿಶು ಆಹಾರ 1901 10. ಆದರೆ ನಮ್ಮ ಅಂಗಡಿಗಳ ಮಾಸ್ಟರ್‌ನಲ್ಲಿ ಇರುವುದು ನಾಲ್ಕೇ ಅಂಕಿ. 1901 ಎಂದು ತಡೆದ ದಿನವೇ ದೊಡ್ಡವರು ಕುಡಿಯುವ ಮಾಲ್ಟ್ ಪುಡಿಗೂ ಪಾಯಿಂಟ್ ನಿಂತು ಕೌಂಟರ್‌ನಲ್ಲಿ ಜಗಳ. ಬಾಟಲಿಗೆಂದು 3924 ತಡೆದರೆ ಬಕೆಟ್, ಜಗ್, ಊಟದ ಡಬ್ಬ ಎಲ್ಲ ಸಿಕ್ಕಿಕೊಂಡವು. ಬಾಟಲಿಯನ್ನು ತೆರಿಗೆ ದರದ ಮೇಲೆ ಹಿಡಿಯೋಣ, ಶೇ 12ರದ್ದು ಅಂಗಡಿಯ ಆ ಸಾಲಿನಲ್ಲಿ ಕಡಿಮೆ ಇದೆ ಎಂದು ಒಬ್ಬ ಜಾಣ ಸಲಹೆ ಕೊಟ್ಟ. ಅದನ್ನೂ ಮಾಡಿದೆ. 2025ರ ಸೆಪ್ಟೆಂಬರ್ 22ಕ್ಕೆ ಬಾಟಲಿ ಶೇ 5ಕ್ಕೆ ಇಳಿಯಿತು, ಫಿಲ್ಟರ್ ಅಂದೇ ಸತ್ತಿತು. ಹೀಗಾಗಿ ತೆರಿಗೆ ದರವನ್ನು ಗುರುತಿಗೆ ಬಳಸಲೇಬೇಡಿ.

ಎಚ್‌ಎಸ್‌ಎನ್‌ಗೆ ಬೇರೆ ಉಪಯೋಗವಿದೆ. ತಡೆಯಲು ಅಲ್ಲ, ಬಲೆ ಹಾಕಲು. ಕಂಪನಿ ಪ್ಯಾಕ್ ಬದಲಿಸಿದಾಗ ಬಾರ್‌ಕೋಡ್ ಬದಲಾಗುತ್ತದೆ, ಪರ್ಚೇಸ್ ಎಂಟ್ರಿ ಹುಡುಗ ಹೊಸ ಐಟಂ ಹುಟ್ಟಿಸುತ್ತಾನೆ, ಟಿಕ್ ಹಾಕುವುದು ಮರೆಯುತ್ತಾನೆ, ಹೊಸ ಡಬ್ಬ ಪಾಯಿಂಟ್ ತಿನ್ನುತ್ತದೆ. ಇದು ಮೂರು ಸಲ ಆಯಿತು. ಈಗ 1901, 3924, ರಬ್ಬರ್ ನಿಪ್ಪಲ್‌ನ 4014 ಇವುಗಳಲ್ಲಿ ಯಾವ ಹೊಸ ಐಟಂ ಹುಟ್ಟಿದರೂ ಅದು ತಡೆಯಲ್ಲೇ ಹುಟ್ಟುತ್ತದೆ. ಮಾಲೀಕರು ಲೇಬಲ್ ನೋಡಿ ಬಿಡುಗಡೆ ಮಾಡಬೇಕು. ಬಕೆಟ್‌ಗೆ ಎರಡು ದಿನ ಪಾಯಿಂಟ್ ತಪ್ಪಿದರೆ ಯಾರೂ ಸಾಯಲ್ಲ. ಹೆಸರಿನಲ್ಲಿ ಕೆಲವು ಪದ ಇದ್ದರೂ ತಡೆಗೆ ಹೋಗುವಂತೆ ಇನ್ನೊಂದು ಜರಡಿ ಇದೆ. ಆ ಪದಗಳ ಪಟ್ಟಿ ಎರಡು ವರ್ಷದ ತಲೆನೋವಿನ ಫಲ, ಅದು ನನ್ನ ಹತ್ತಿರವೇ ಇರಲಿ.

ಕೊನೆಗೆ ಕೆಲಸ ಮಾಡಿದ್ದು ಒಂದೇ ಉಪಾಯ: ಯಾವ ಸ್ಕೀಮೂ ಬಿಲ್‌ನ ಒಟ್ಟು ಮೊತ್ತವನ್ನು ನೋಡಬಾರದು. ಬಿಲ್ ಒಳಗೆ ಎರಡು ಮೊತ್ತ ಕಟ್ಟಬೇಕು, ಟಿಕ್ ಇರುವುದರ ಮೊತ್ತ ಬೇರೆ, ಉಳಿದದ್ದು ಬೇರೆ. ಪಾಯಿಂಟ್, ಶೇಕಡಾವಾರು, ಇಷ್ಟು ದಾಟಿದರೆ ಇದು ಉಚಿತ ಎನ್ನುವ ಮಿತಿ, ಪಾಯಿಂಟ್ ವಾಪಸ್ ಬಳಸುವುದು, ಎಲ್ಲವೂ ಎರಡನೆಯ ಮೊತ್ತವನ್ನೇ ಕೇಳಬೇಕು.

ಲೆಕ್ಕ ಹಾಕಿ ನೋಡಿ. ಪುಡಿ 780, ಡೈಪರ್ 640, ಸೋಪು ಶಾಂಪೂ 410, ಒಟ್ಟು 1,830. ನೂರಕ್ಕೊಂದು ಪಾಯಿಂಟ್ ಆದರೆ 18 ಅಲ್ಲ, 1,050ಕ್ಕೆ 10. ಅಂಗಡಿಯಲ್ಲಿ 1,500 ದಾಟಿದರೆ ಸ್ಟೀಲ್ ಡಬ್ಬ ಉಚಿತ ಇದೆ ಅನ್ನಿ, ಇವರಿಗೆ ಬರಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ: ಪುಡಿಗೆ ನೇರವಾಗಿ ಏನೂ ಕೊಟ್ಟಿಲ್ಲವಲ್ಲ ಅನ್ನುತ್ತಾರೆ, ಆದರೆ ಪುಡಿ ಸೇರಿಸಿಕೊಂಡಿದ್ದರಿಂದಲೇ ಮಿತಿ ದಾಟಿದ್ದು. ಇನ್ನು ಗಿರಾಕಿ ಹಳೆಯ 120 ಪಾಯಿಂಟನ್ನು, ಪಾಯಿಂಟಿಗೆ ಒಂದು ರೂಪಾಯಿಯಂತೆ, ಈ ಬಿಲ್‌ಗೆ ಕಳೆದುಕೊಂಡರು ಎನ್ನಿ. ಹಳೆಯ ವ್ಯವಸ್ಥೆಯಲ್ಲಿ ಅದು ಮೂರೂ ಸಾಲಿಗೆ ಹಂಚಿಹೋಗಿ ಪುಡಿಯ ಸಾಲಿನಲ್ಲಿ 51 ರೂಪಾಯಿ ಚಿಲ್ಲರೆ ರಿಯಾಯಿತಿ ಅಚ್ಚಾಗುತ್ತಿತ್ತು. ನಮ್ಮ ಕೈಯಿಂದಲೇ ನಮ್ಮ ವಿರುದ್ಧ ಸಾಕ್ಷಿ ಬರೆದುಕೊಟ್ಟ ಹಾಗೆ. ಈಗ 120 ಪೂರ್ತಿ ಡೈಪರ್ ಸೋಪಿನ ಮೇಲೆ ಕಳೆಯುತ್ತದೆ, ಪುಡಿ 780 ಎಂದೇ ನಿಲ್ಲುತ್ತದೆ. ಬಿಲ್‌ನಲ್ಲಿ ಪುಡಿ ಒಂದೇ ಇದ್ದರೆ ಪಾಯಿಂಟ್ ಬಳಸುವ ಬಟನ್ನೇ ಮಂಕಾಗುತ್ತದೆ.

ಈ ಬಳಸುವ ವಿಷಯದಲ್ಲಿ ಬ್ರಿಟನ್ನಿನವರದು ಬೇರೆ ದಾರಿ. ಅಲ್ಲೂ ಫಾರ್ಮುಲಾಗೆ ಪಾಯಿಂಟ್ ಗಳಿಸುವಂತಿಲ್ಲ. ಆದರೆ ಪುಡಿಯ ಬೆಲೆ ಬಡವರಿಗೆ ಭಾರವಾಯಿತೆಂದು, ಇರುವ ಪಾಯಿಂಟ್ ವೋಚರ್ ಕೊಟ್ಟು ಕೊಳ್ಳಲಾದರೂ ಬಿಡಿ ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2025ರ ಫೆಬ್ರುವರಿಯ ವರದಿಯಲ್ಲಿ ಶಿಫಾರಸು ಮಾಡಿತು. ಮಾತಿನಲ್ಲಿ ನ್ಯಾಯವಿದೆ. ಆದರೆ ನಮ್ಮ ಕಾಯ್ದೆಯ 'ಬೇರೆ ಯಾವುದೇ ಬಗೆಯ ಆಮಿಷ' ಎಂಬ ಮಾತಿನ ಎದುರು ಆ ಧೈರ್ಯ ಮಾಡಲಿಲ್ಲ.

ವಾಪಸಾತಿ ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಮೇಲಿನ ಬಿಲ್‌ನಲ್ಲಿ ಡೈಪರ್ ವಾಪಸ್ ಬಂದರೆ ಉಳಿಯುವುದು 410, ಪಾಯಿಂಟ್ 4, ಆದ್ದರಿಂದ 6 ಕಳೆಯಬೇಕು. ಸಾಫ್ಟ್‌ವೇರ್‌ನವರು ಮೊದಲು ಬರೆದುಕೊಟ್ಟದ್ದು ವಾಪಸಾದ ಐಟಂನ ಮೇಲಷ್ಟೇ ಲೆಕ್ಕ ಹಾಕುತ್ತಿತ್ತು. ರೌಂಡ್ ಆಫ್‌ನಲ್ಲಿ ಒಂದೊಂದು ಪಾಯಿಂಟ್ ಹಿಂದೆ ಮುಂದೆ ಆಗಿ ತಿಂಗಳ ಕೊನೆಗೆ ತಾಳೆಯೇ ಆಗುತ್ತಿರಲಿಲ್ಲ. ಉಳಿದ ಬಿಲ್ಲನ್ನು ಮೊದಲಿಂದ ಲೆಕ್ಕ ಹಾಕಿಸಿ ವ್ಯತ್ಯಾಸ ತೆಗೆದರೆ ಸರಿಹೋಗುತ್ತದೆ. ಪುಡಿ ವಾಪಸ್ ಬಂದರೆ ಅದರ ಹಣ ನಗದು ಅಥವಾ ಯುಪಿಐನಲ್ಲೇ ಹೋಗಬೇಕು. ಒಂದು ಅಂಗಡಿಯಲ್ಲಿ ವಾಪಸಿನ ಹಣ ಕಾರ್ಡಿಗೆ ಪಾಯಿಂಟಾಗಿ ಜಮಾ ಆಗುತ್ತಿತ್ತು, ಜೊತೆಗೆ ಐದು ಪಾಯಿಂಟ್ ಬೋನಸ್ ಬೇರೆ. ಯಾರೂ ಗಮನಿಸಿರಲೇ ಇಲ್ಲ.

ಬಿಲ್ಲಿಂಗ್ ಹೊರಗೂ ಸೋರುತ್ತದೆ. ಪುಡಿ ಮುಗಿಯುವ ಹೊತ್ತಿಗೆ ಗಿರಾಕಿಗೆ ವಾಟ್ಸ್ಆ್ಯಪ್ ನೆನಪೋಲೆ ತಾನಾಗಿ ಹೋಗುವ ಸೌಲಭ್ಯ ಬಿಪಿ, ಶುಗರ್ ಮಾತ್ರೆಗೆ ಸರಿ. ಪುಡಿಗೆ ಹೋದರೆ ತಾಯಂದಿರನ್ನು ಸಂಪರ್ಕಿಸಿ ಮಾರಾಟ ಮಾಡಿದಂತಾಯಿತು, ಅದೂ 4ನೇ ಕಲಂನಲ್ಲೇ ಇದೆ. ಅದೇ ಟಿಕ್ಕನ್ನು ನೆನಪೋಲೆಗೂ ಜೋಡಿಸಿ. ನಾನು ಜೋಡಿಸುವ ಮೊದಲೇ ನಲವತ್ತೋ ಐವತ್ತೋ ಹೋಗಿಬಿಟ್ಟಿದ್ದವು. ಹಬ್ಬದ ಆಫರ್ ಪಾಂಪ್ಲೆಟ್‌ನಲ್ಲಿ ಡಬ್ಬದ ಚಿತ್ರ, ಶೆಲ್ಫಿನ ಹಳದಿ ಆಫರ್ ಚೀಟಿ, ಇವು ಜಾಹೀರಾತಿನ ನಿಷೇಧಕ್ಕೆ, 3ನೇ ಕಲಂಗೆ ಸೇರುತ್ತವೆ, ತೆಗೆಸಿ.

ಕೌಂಟರ್ ಹುಡುಗರ ಇನ್ಸೆಂಟಿವ್ ಬಗ್ಗೆ ಯಾರೂ ಯೋಚಿಸಲ್ಲ. ಈ ಸರಕಿನ ಮಾರಾಟದ ಪ್ರಮಾಣದ ಮೇಲೆ ನೌಕರರಿಗೆ ಕಮಿಷನ್ ಕೊಡಬಾರದು ಎಂದು 10ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ತಿಂಗಳ ಒಟ್ಟು ಮಾರಾಟದ ಮೇಲೆ ಅರ್ಧ ಪರ್ಸೆಂಟ್ ಕೊಡುವ ಕಡೆ ಪುಡಿಯ ಮೊತ್ತ ಕಳೆಯಲೇಬೇಕು. ಕಳೆದಾಗ ಹುಡುಗರ ಮುಖ ಸಣ್ಣದಾಯಿತು, ಬೇಲೂರಿನಲ್ಲಿ ತಲೆಗೆ ಮುನ್ನೂರು ಸಂಬಳಕ್ಕೇ ಸೇರಿಸಿ ಸಮಾಧಾನ ಮಾಡಿದರು.

ಎಕ್ಸ್‌ಪೈರಿ ಹತ್ತಿರವಾದ ಡಬ್ಬವನ್ನು ಅರ್ಧ ರೇಟಿಗೆ ತಳ್ಳುವ ಅಭ್ಯಾಸವೂ ಹೋಯಿತು. ಇದರಲ್ಲಿ ದುಡ್ಡು ಹೋಗುತ್ತದೆ, ಸುಳ್ಳು ಹೇಳಲ್ಲ. ಮೊದಲ ಮೂರು ತಿಂಗಳಲ್ಲಿ ಒಂದು ಅಂಗಡಿಗೆ ಆರೇಳು ಸಾವಿರ ಕೈಬಿಟ್ಟಿತು. ಆಮೇಲೆ ನಾಲ್ಕು ತಿಂಗಳು ಇರುವಾಗಲೇ ಪಟ್ಟಿ ತೆಗೆದು ಡಿಸ್ಟ್ರಿಬ್ಯೂಟರ್‌ಗೆ ಕಳಿಸುವುದು, ಓಡದ ಸ್ಟೇಜ್‌ಗಳನ್ನು ಎರಡೆರಡೇ ತರಿಸುವುದು ಮಾಡಿದ ಮೇಲೆ ನಷ್ಟ ಸಾವಿರದೊಳಗೆ ನಿಂತಿದೆ.

ಖರ್ಚಿನ ಮಾತು. ಮೊದಲ ಸಾಫ್ಟ್‌ವೇರ್ ಹುಡುಗನಿಗೆ ನಾಲ್ಕು ಸಾವಿರ, ಅದು ನೀರಿನಲ್ಲಿ ಹೋಮ. ಎರಡನೆಯವರಿಗೆ ಆರೂವರೆ. ಪಟ್ಟಿ ಮಾಡಲು ಎರಡು ಭಾನುವಾರ. ಹಾಸನದ ದೊಡ್ಡ ಮೆಡಿಕಲ್‌ನಲ್ಲಿ ಈ ಸರಕಿನ ವ್ಯಾಪಾರ ತಿಂಗಳಿಗೆ ಒಂದು ಲಕ್ಷದ ಆಸುಪಾಸು. ಮುಂಚೆ ಶೇ 5 ರಿಯಾಯಿತಿ, ಮೇಲೆ ಪಾಯಿಂಟ್ ಒಂದು, ಅಂದರೆ ಆರು ಸಾವಿರ ಹೋಗುತ್ತಿದ್ದದ್ದು ಈಗ ಉಳಿಯುತ್ತಿದೆ. ಗಿರಾಕಿ ಓಡಿಹೋಗುತ್ತಾರೆ ಎಂದವರಿಗೆ ಹೇಳುವುದಿಷ್ಟೆ: ಮೊದಲ ತಿಂಗಳು ಹತ್ತು ಹನ್ನೆರಡು ಸಾವಿರ ಬಿದ್ದಿತು, ನಾಲ್ಕನೇ ತಿಂಗಳಿಗೆ ಮೊದಲಿನಷ್ಟೇ ಆಯಿತು. ಸಿಗಬೇಕಾದ ಡಬ್ಬ ಸಿಗಬೇಕಾದ ದಿನ ಸಿಕ್ಕರೆ ಜನ ಐದು ಪರ್ಸೆಂಟಿಗೆ ಅಂಗಡಿ ಬದಲಿಸಲ್ಲ. ಕೌಂಟರ್‌ನಲ್ಲಿ 'ಇದಕ್ಯಾಕೆ ಡಿಸ್ಕೌಂಟ್ ಇಲ್ಲ' ಎಂದಾಗ ಹೇಳುವ ಒಂದು ಮಾತಿದೆ, ಅದನ್ನು ಕಲಿಸಿದ ಮೇಲೆ ಜಗಳ ನಿಂತಿತು. ಬೇಕಾದವರು ಅಂಗಡಿಗೆ ಬಂದು ಕೇಳಿಸಿಕೊಳ್ಳಿ.

ಶುರು ಮಾಡುವ ಮುನ್ನ ಹುಸಿ ಬಿಲ್ ಹಾಕಿ ಪರೀಕ್ಷಿಸಿ. ಬರೀ ಪುಡಿ, ಪುಡಿ ಮತ್ತು ಸೋಪು, ಪುಡಿ ಸೇರಿದರೆ ಮಾತ್ರ ಮಿತಿ ದಾಟುವ ಬಿಲ್, ಪಾಯಿಂಟ್ ಬಳಸಿದ ಬಿಲ್, ಅದರ ಅರ್ಧ ವಾಪಸ್, ಪೂರ್ತಿ ವಾಪಸ್, ವರ್ಷದ ಮೆಂಬರ್‌ಶಿಪ್ ಕಾರ್ಡಿನ ಬಿಲ್. ಪ್ರತಿಯೊಂದರಲ್ಲೂ ಮುದ್ರಣ ನೋಡಿದರೆ ಸಾಲದು, ಐಟಂವಾರು ರಿಪೋರ್ಟಿನಲ್ಲಿ ಪುಡಿಯ ನಿವ್ವಳ ಮೊತ್ತವೂ ಎಂಆರ್‌ಪಿಯೂ ಒಂದೇ ಇದೆಯೇ ನೋಡಿ. ಈಗಲೂ ಪ್ರತಿ ಸೋಮವಾರ ಅದೊಂದು ರಿಪೋರ್ಟ್ ಓಡುತ್ತದೆ, ಖಾಲಿ ಬಂದರೆ ಸರಿ.

ಒಂದು ಉಳಿದಿತ್ತು. ಚಿಕ್ಕಮಗಳೂರಿನ ಅಂಗಡಿ ತಾನೇ ಪ್ಯಾಕ್ ಮಾಡಿ ಮಾರುವ ರಾಗಿ ಸರಿ. ಪೊಟ್ಟಣದ ಮೇಲೆ ನಗುವ ಮಗು, ಕೆಳಗೆ 'ಆರು ತಿಂಗಳಿಂದ'. ಹಾಗೆ ಬರೆದ ಕ್ಷಣ ಅದು ಕಾಯ್ದೆಯ ಶಿಶು ಆಹಾರ, ಮಗುವಿನ ಚಿತ್ರವೂ ನಿಷಿದ್ಧ, ಗುಣಮಟ್ಟದ ನಿಯಮಗಳು ಬೇರೆ ಬೆನ್ನು ಹತ್ತುತ್ತವೆ. ಮಾಲೀಕರು ಮೊದಲು ಒಪ್ಪಲಿಲ್ಲ, ಮನೆ ಸರಿಗೂ ಕಾನೂನೇ ಅಂದರು. ಕೊನೆಗೆ ಚಿತ್ರವೂ ವಯಸ್ಸೂ ಇಲ್ಲದ ಹೊಸ ಸ್ಟಿಕ್ಕರ್ ಸಾವಿರಕ್ಕೆ ಒಂಬೈನೂರು ರೂಪಾಯಿಯಂತೆ ಮಾಡಿಸಿ, ಪೊಟ್ಟಣಗಳನ್ನು ಮಕ್ಕಳ ಸಾಲಿನಿಂದ ಎತ್ತಿ ರಾಗಿ ಹಿಟ್ಟಿನ ಪಕ್ಕಕ್ಕೆ ಇಟ್ಟೆವು. ಅಲ್ಲಿ ಮುಂಚಿಗಿಂತ ಜಾಸ್ತಿ ಹೋಗುತ್ತಿದೆ, ಪಾಯಿಂಟೂ ಬೀಳುತ್ತಿದೆ.